ಹೆಸರಿಡದೆ ಬಿಟ್ಟ ಮಗು

1823ರ ಆಗಸ್ಟ್ 29ರ ರಾತ್ರಿ. ಲಂಡನ್ನಿನ ಇಂಗ್ಲಿಷ್ ಒಪೆರಾ ಹೌಸ್ ಎಂಬ ರಂಗಮಂದಿರದಲ್ಲಿ ತರುಣಿಯೊಬ್ಬಳು ತನ್ನ ತಂದೆಯೊಂದಿಗೆ ನಾಟಕ ನೋಡಲು ಕುಳಿತಿದ್ದಳು. ಬೆಳಗಾದರೆ ಆಕೆಗೆ 26 ತುಂಬುತ್ತಿತ್ತು. ಹಿಂದಿನ ವರ್ಷ ಗಂಡ ಇಟಲಿಯ ಕಡಲಲ್ಲಿ ಮುಳುಗಿ ತೀರಿಕೊಂಡಿದ್ದ. ಹೆತ್ತ ನಾಲ್ಕು ಮಕ್ಕಳಲ್ಲಿ ಉಳಿದದ್ದು ಒಂದೇ. ಆ ಮಗುವನ್ನು ಕರೆದುಕೊಂಡು ಕೆಲವೇ ದಿನಗಳ ಕೆಳಗೆ ತಾಯ್ನಾಡಿಗೆ ಮರಳಿದ್ದಳು. ನಾಟಕದ ಪ್ರಕಟಣೆಯಲ್ಲಿ ಪ್ರತಿ ನಟನ ಎದುರು ಅವನ ಪಾತ್ರದ ಹೆಸರಿತ್ತು. ಟಿ.ಪಿ. ಕುಕ್ ಎಂಬ ನಟನ ಎದುರು ಮಾತ್ರ ಹೆಸರಿನ ಜಾಗದಲ್ಲಿ ಬರೀ ಗೆರೆ. ಹೆಸರಿಲ್ಲದವನನ್ನು ಹೀಗೆ ಗೆರೆ ಎಳೆದು ಸೂಚಿಸಿದ್ದು ಆಕೆಗೆ ತುಂಬ ಹಿಡಿಸಿತು. ಗೆಳೆಯನೊಬ್ಬನಿಗೆ ಬರೆದ ಪತ್ರದಲ್ಲಿ ಹಾಗೆಂದು ಹೇಳಿಕೊಂಡಳು.

ಆಕೆ ಮೇರಿ ಶೆಲ್ಲಿ. ನಾಟಕ ಹುಟ್ಟಿದ್ದು ಆಕೆಯದೇ ಕಾದಂಬರಿ ‘ಫ್ರಾಂಕನ್‌ಸ್ಟೈನ್’ನಿಂದ.

ಇಂದು ಆ ಖಾಲಿ ಜಾಗ ತುಂಬಿಹೋಗಿದೆ. ಫ್ರಾಂಕನ್‌ಸ್ಟೈನ್ ಎಂದೊಡನೆ ಕಣ್ಣ ಮುಂದೆ ಬರುವುದು ಚಪ್ಪಟೆ ನೆತ್ತಿಯ, ಕತ್ತಿಗೆ ಬೋಲ್ಟು ಹೊಡೆದ, ಮಾತು ಬಾರದ ರಾಕ್ಷಸ. ಕಾದಂಬರಿಯಲ್ಲಿ ಫ್ರಾಂಕನ್‌ಸ್ಟೈನ್ ಎಂಬುದು ಅವನನ್ನು ಮಾಡಿದ ವಿದ್ಯಾರ್ಥಿಯ ಮನೆತನದ ಹೆಸರು. ಮಾಡಿದವನು ತಾನು ಮಾಡಿದ ಜೀವಕ್ಕೆ ಹೆಸರನ್ನೇ ಇಡಲಿಲ್ಲ. ಇಡೀ ದುರಂತದ ಬೇರು ಅಲ್ಲೇ ಇದೆ. ಈ ಕಥೆ ಹೇಗೆ ಹುಟ್ಟಿತು, ಹುಟ್ಟಿದ ಮೇಲೆ ಅದರ ಅರ್ಥ ಹೇಗೆ ತಲೆಕೆಳಗಾಯಿತು ಎಂಬುದನ್ನು ಮೊದಲಿನಿಂದ ನೋಡಬೇಕು.

ಬೇಸಿಗೆ ಬಾರದ ವರ್ಷ

ಮೊದಲ ಘಟನೆ ನಡೆದದ್ದು ಯುರೋಪಿನಿಂದ ಬಹು ದೂರ, ಇಂದಿನ ಇಂಡೊನೇಷ್ಯಾದ ಸುಂಬಾವ ದ್ವೀಪದಲ್ಲಿ. 1815ರ ಏಪ್ರಿಲ್ 5ರಂದು ಗುಡುಗತೊಡಗಿದ ತಂಬೋರಾ ಜ್ವಾಲಾಮುಖಿ 10ರ ಸಂಜೆ ಪೂರ್ತಿಯಾಗಿ ಸಿಡಿಯಿತು. ಆಗ ಜಾವಾ ಬ್ರಿಟಿಷರ ಕೈಯಲ್ಲಿತ್ತು. ನೂರಾರು ಮೈಲಿ ಆಚೆಯ ಜಾವಾದಲ್ಲಿ ಮೊದಲ ಸದ್ದು ಕೇಳಿದವರು ಎಲ್ಲೋ ತೋಪು ಹಾರುತ್ತಿದೆ ಎಂದುಕೊಂಡರು. ಯೋಗ್ಯಕರ್ತಾದಿಂದ ಸೈನಿಕರ ತುಕಡಿಯೂ ಹೊರಟಿತು. ಬೆಂಕಿಗೆ, ಬೂದಿಗೆ, ಅದರ ಬೆನ್ನಿಗೆ ಬಂದ ಹಸಿವಿಗೆ ಸುತ್ತಲ ದ್ವೀಪಗಳಲ್ಲಿ ಹತ್ತಾರು ಸಾವಿರ ಜನ ಸತ್ತರು.

ಬೂದಿ ನೆಲಕ್ಕಿಳಿಯಿತು. ಗಂಧಕದ ಅನಿಲ ಮಾತ್ರ ವಾಯುಮಂಡಲದ ಮೇಲ್ಪದರ ಸೇರಿ ಭೂಮಿಯನ್ನೆಲ್ಲ ತೆಳುವಾದ ಮುಸುಕಿನಂತೆ ಸುತ್ತಿ ಬಿಸಿಲನ್ನು ತಡೆಯಿತು. ಮರುವರ್ಷ, 1816ರಲ್ಲಿ, ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಜೂನ್ ತಿಂಗಳಲ್ಲಿ ಹಿಮ ಬಿತ್ತು. ಸ್ವಿಟ್ಜರ್ಲೆಂಡಿನಲ್ಲಿ ಹಿಡಿದ ಮಳೆ ಬಿಡಲಿಲ್ಲ. ಪೈರು ಕೊಳೆಯಿತು, ರೊಟ್ಟಿಯ ಬೆಲೆ ಏರಿತು, ಹಸಿದವರು ಊರಿಂದೂರಿಗೆ ಅಲೆದರು. ಭಾರತದಲ್ಲೂ ಮುಂಗಾರು ಏರುಪೇರಾಯಿತು. 1817ರಲ್ಲಿ ಬಂಗಾಳದ ಜೆಸ್ಸೋರಿನಲ್ಲಿ ಕಾಣಿಸಿಕೊಂಡ ಕಾಲರಾ ಮಹಾಮಾರಿಗೂ ಇದೇ ದಾರಿ ಮಾಡಿತೆಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ. ಅದನ್ನು ಎಲ್ಲರೂ ಒಪ್ಪಿಲ್ಲ. ಆಕಾಶ ಮಂಕಾದದ್ದಕ್ಕೆ ದೂರದ ಬೆಟ್ಟವೊಂದು ಕಾರಣವೆಂದು ಆ ವರ್ಷ ಯುರೋಪಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆ ನಂಟು ಗೊತ್ತಾಗಲು ಇನ್ನೂ ನೂರು ವರ್ಷ ಬೇಕಾಯಿತು.

ಆ ಕೆಟ್ಟ ಹವೆಯಲ್ಲೇ, ಮೇ ತಿಂಗಳಲ್ಲಿ, ಜಿನೀವಾ ಸರೋವರದ ದಡದಲ್ಲಿ ಐವರು ಇಂಗ್ಲೆಂಡಿನವರು ಕೂಡಿದರು. ಹೆಂಡತಿಯಿಂದ ಬೇರ್ಪಟ್ಟು, ಅಪವಾದ ಹೊತ್ತು ದೇಶ ಬಿಟ್ಟು ಬಂದಿದ್ದ ಕವಿ ಬೈರನ್. ಅವನ ವೈದ್ಯ ಜಾನ್ ಪೊಲಿಡೊರಿ. ಕವಿ ಪರ್ಸಿ ಶೆಲ್ಲಿ. ಅವನ ಸಂಗಾತಿ ಮೇರಿ. ಮೇರಿಯ ಮಲತಾಯಿಯ ಮಗಳು ಕ್ಲೇರ್. ಎಲ್ಲರಿಗಿಂತ ಹಿರಿಯನಾದ ಬೈರನ್ನನಿಗೆ 28, ಮೇರಿಗೆ 18. ಕೊಲೊನಿ ಎಂಬ ಹಳ್ಳಿಯ ವಿಲ್ಲಾ ಡಿಯೊಡಾಟಿ ಬೈರನ್ನನ ಬಿಡಾರ. ಶೆಲ್ಲಿಯವರದು ಅಲ್ಲೇ ಕೆಳಗೆ, ಸರೋವರದ ಬದಿಯ ಸಣ್ಣ ಮನೆ.

ತಾಯಿಯಿಲ್ಲದ ಮಗಳು, ಮಗುವಿಲ್ಲದ ತಾಯಿ

ಮೇರಿಯ ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್, ಹೆಣ್ಣಿನ ಹಕ್ಕುಗಳ ಪರವಾಗಿ 1792ರಲ್ಲೇ ಪುಸ್ತಕ ಬರೆದ ಧೀರೆ. 1797ರ ಆಗಸ್ಟ್ 30ರಂದು ಮಗಳನ್ನು ಹೆತ್ತು, ಬಾಣಂತಿ ಜ್ವರ ಹತ್ತಿ ಹನ್ನೊಂದನೆಯ ದಿನ ತೀರಿಕೊಂಡಳು. ಮಗಳಿಗೆ ಉಳಿದದ್ದು ತಾಯಿಯ ಹೆಸರು, ತಾಯಿಯ ಪುಸ್ತಕ ಮತ್ತು ಸೇಂಟ್ ಪ್ಯಾಂಕ್ರಾಸ್ ಚರ್ಚಿನ ಅಂಗಳದ ಸಮಾಧಿ. ತಂದೆ ವಿಲಿಯಂ ಗಾಡ್ವಿನ್ ರಾಜಕೀಯ ಚಿಂತಕನೆಂದು ಹೆಸರಾದವನು. ಮದುವೆಯೆಂಬ ಕಟ್ಟಳೆಯನ್ನೇ ಪುಸ್ತಕದಲ್ಲಿ ಪ್ರಶ್ನಿಸಿದ್ದ ಈ ತಂದೆ, ಹದಿನಾರರ ಮಗಳು ಹೆಂಡತಿಯಿದ್ದ ಪರ್ಸಿ ಶೆಲ್ಲಿಯೊಂದಿಗೆ 1814ರ ಜುಲೈನಲ್ಲಿ ಮನೆಬಿಟ್ಟು ಹೋದಾಗ ಬಾಗಿಲು ಮುಚ್ಚಿದ. ಎರಡು ವರ್ಷಕ್ಕೂ ಮಿಕ್ಕಿ ಆಕೆಯ ಮುಖ ನೋಡಲಿಲ್ಲ.

1815ರ ಫೆಬ್ರವರಿಯಲ್ಲಿ ಮೇರಿಗೆ ದಿನ ತುಂಬದ ಹೆಣ್ಣು ಮಗು ಹುಟ್ಟಿತು. ಸುಮಾರು ಎರಡು ವಾರ ಬದುಕಿ, ಮಾರ್ಚ್ 6ರಂದು ತೀರಿಕೊಂಡಿತು. ಆ ಮಗುವಿನ ಹೆಸರು ಆಕೆಯ ದಿನಚರಿಯಲ್ಲಿಲ್ಲ. ಹದಿಮೂರು ದಿನ ಕಳೆದು ಒಂದು ಕನಸನ್ನು ಮೇರಿ ಬರೆದಿಟ್ಟಳು: ಮಗು ಸತ್ತಿರಲಿಲ್ಲ, ತಣ್ಣಗಾಗಿತ್ತಷ್ಟೆ, ಒಲೆಯ ಮುಂದೆ ಹಿಡಿದು ಮೈ ತಿಕ್ಕಿದಾಗ ಜೀವ ಬಂತು. ಎಚ್ಚರವಾದಾಗ ಮಗು ಇರಲಿಲ್ಲ. ಸತ್ತ ಮೈಗೆ ಜೀವ ಬರಿಸುವ ಕಥೆ ಎಲ್ಲಿಂದ ಬಂತೆಂದು ಹುಡುಕುವವರು ಈ ನಾಲ್ಕು ಸಾಲಿನ ಮುಂದೆ ಒಂದು ಕ್ಷಣ ನಿಲ್ಲಲೇಬೇಕು.

ಡಿಯೊಡಾಟಿಯ ರಾತ್ರಿ

ಮಳೆಗೆ ಹೊರಗೆ ಹೋಗುವಂತಿಲ್ಲ. ಜರ್ಮನ್ ಪ್ರೇತಕಥೆಗಳ ಫ್ರೆಂಚ್ ಅನುವಾದವೊಂದು ಕೈಗೆ ಸಿಕ್ಕಿತ್ತು. ಓದಿ ಮುಗಿದ ಮೇಲೆ, ಒಬ್ಬೊಬ್ಬರೂ ಒಂದೊಂದು ಪ್ರೇತಕಥೆ ಬರೆಯೋಣವೆಂದು ಬೈರನ್ ಪಂಥ ಒಡ್ಡಿದ. ಕವಿಗಳಿಬ್ಬರೂ ಬೇಗನೆ ಬೇಸತ್ತು ಕೈಬಿಟ್ಟರು. ಬೈರನ್ ಬಿಟ್ಟ ತುಣುಕನ್ನು ಹಿಡಿದು ಪೊಲಿಡೊರಿ ಬರೆದ ‘ದಿ ವ್ಯಾಂಪೈರ್’ 1819ರಲ್ಲಿ ಬೈರನ್ನನ ಹೆಸರಿನಲ್ಲೇ ಅಚ್ಚಾಯಿತು. ಇಂಗ್ಲಿಷಿನ ರಕ್ತಪಿಶಾಚಿ ಕಥೆಗಳ ಪರಂಪರೆ ಶುರುವಾಗುವುದು ಅಲ್ಲಿಂದ.

ಮೇರಿಯ ಕಥೆ ಹುಟ್ಟಿದ ಬಗೆಯಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ದಿನವೂ ಬೆಳಿಗ್ಗೆ ‘ಕಥೆ ಹೊಳೆಯಿತೇ’ ಎಂದು ಕೇಳುತ್ತಿದ್ದರು, ಇಲ್ಲವೆನ್ನಲು ನಾಚಿಕೆಯಾಗುತ್ತಿತ್ತು ಎಂದು ಆಕೆ 1831ರಲ್ಲಿ ನೆನೆದಳು. ಪೊಲಿಡೊರಿಯ ದಿನಚರಿ ಬೇರೆ ಹೇಳುತ್ತದೆ: ಜೂನ್ 17ರ ಹೊತ್ತಿಗೇ ತನ್ನನ್ನು ಬಿಟ್ಟು ಎಲ್ಲರೂ ಬರೆಯತೊಡಗಿದ್ದರು. ಕಿಟಕಿಯ ಕದದ ಸಂದಿನಿಂದ ಬೆಳದಿಂಗಳು ಬರುತ್ತಿತ್ತೆಂದು ಮೇರಿ ಬರೆದದ್ದನ್ನು ಹಿಡಿದು ಅಮೆರಿಕದ ಖಗೋಳ ವಿಜ್ಞಾನಿ ಡೊನಾಲ್ಡ್ ಓಲ್ಸನ್ 2011ರಲ್ಲಿ ಲೆಕ್ಕ ಹಾಕಿದರು. ಅಲ್ಲಿನ ಗುಡ್ಡದ ಇಳಿಜಾರನ್ನು ದಾಟಿ ಚಂದ್ರನ ಬೆಳಕು ಆ ಕಿಟಕಿಗೆ ಬೀಳುವುದು ಜೂನ್ 16ರ ನಸುಕಿನ ಎರಡು ಗಂಟೆಯ ನಂತರ ಸಾಧ್ಯವಿತ್ತು. ಅಂತೂ ಆ ವಾರದಲ್ಲೇ, ಅರೆನಿದ್ದೆಯಲ್ಲಿ ಮೇರಿಗೆ ಕಂಡದ್ದು ಇಷ್ಟು: ತಾನು ಜೋಡಿಸಿದ ದೇಹದ ಪಕ್ಕ ಮಂಡಿಯೂರಿದ ಯುವಕ, ದೇಹ ಮಿಸುಕುತ್ತದೆ, ಯುವಕ ಹೆದರಿ ಓಡುತ್ತಾನೆ. ಸೃಷ್ಟಿಯೂ ಪಲಾಯನವೂ ಒಂದೇ ದರ್ಶನದಲ್ಲಿ ಬಂದವು.

ಹಿಂದಿನ ಸಂಜೆಗಳಲ್ಲಿ ನಡೆದ ಮಾತುಕತೆ ಇದಕ್ಕೆ ನೆಲ ಹದ ಮಾಡಿತ್ತು. ಬೊಲೊನ್ಯಾದ ಲುಯಿಜಿ ಗ್ಯಾಲ್ವನಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಅದಿರುವುದನ್ನು ಕಂಡು 1791ರಲ್ಲಿ ಪ್ರಕಟಿಸಿದ್ದ. ಅವನ ಸೋದರಳಿಯ ಜಿಯೊವಾನಿ ಅಲ್ಡೀನಿ 1803ರ ಜನವರಿಯಲ್ಲಿ ಲಂಡನ್ನಿಗೆ ಬಂದು, ಹೆಂಡತಿಯನ್ನೂ ಮಗುವನ್ನೂ ಕೊಂದ ಆರೋಪದ ಮೇಲೆ ನ್ಯೂಗೇಟ್ ಸೆರೆಮನೆಯಲ್ಲಿ ನೇಣಿಗೇರಿದ್ದ ಜಾರ್ಜ್ ಫಾರ್ಸ್ಟರನ ಹೆಣಕ್ಕೆ ವಿದ್ಯುತ್ ಹಾಯಿಸಿದ. ದವಡೆ ನಡುಗಿತು, ಒಂದು ಕಣ್ಣು ತೆರೆಯಿತು, ಬಲಗೈ ಮೇಲೆದ್ದು ಮುಷ್ಟಿ ಬಿಗಿಯಿತು. ಮೇರಿಗೆ ಆಗ ಐದು ವರ್ಷ. 1816ರ ಹೊತ್ತಿಗೆ ವಾದ ಇನ್ನೂ ಆಳಕ್ಕೆ ಇಳಿದಿತ್ತು. ಜೀವವೆಂಬುದು ದೇಹಕ್ಕೆ ಹೊರಗಿನಿಂದ ಬಂದು ಸೇರುವ ಶಕ್ತಿಯೆಂದು ಶಸ್ತ್ರವೈದ್ಯ ಜಾನ್ ಅಬರ್‌ನೆಥಿ ಹೇಳಿದರೆ, ದೇಹದ ರಚನೆಯೇ ಜೀವವೆಂದು ವಿಲಿಯಂ ಲಾರೆನ್ಸ್ ಸಾರುತ್ತಿದ್ದ. ಲಾರೆನ್ಸ್ ಪರ್ಸಿಗೆ ಚಿಕಿತ್ಸೆ ಮಾಡುತ್ತಿದ್ದ ವೈದ್ಯ. 1819ರಲ್ಲಿ ಅಚ್ಚಾದ ತನ್ನ ಉಪನ್ಯಾಸಗಳನ್ನು ಧರ್ಮನಿಂದೆಯ ಕೂಗಿಗೆ ಅಂಜಿ ಅವನು ಹಿಂತೆಗೆದುಕೊಳ್ಳಬೇಕಾಯಿತು.

ಮೇರಿ ಈ ವಾದದಲ್ಲಿ ಯಾರ ಪಕ್ಷವನ್ನೂ ಹಿಡಿಯಲಿಲ್ಲ. ಜೀವ ತುಂಬುವ ವಿಧಾನವನ್ನು ಕಾದಂಬರಿ ವಿವರಿಸುವುದೇ ಇಲ್ಲ. ಸಿನಿಮಾದಲ್ಲಿ ನಾವು ಕಂಡ ಸಿಡಿಲು, ದೊಡ್ಡ ಯಂತ್ರಗಳು ಅಲ್ಲಿಲ್ಲ. ನವೆಂಬರಿನ ಮಳೆಯ ರಾತ್ರಿ, ಆರುತ್ತಿರುವ ಮೇಣದ ಬತ್ತಿ, ತೆರೆದುಕೊಳ್ಳುವ ಒಂದು ಮಂಕು ಕಣ್ಣು, ಅಷ್ಟೆ. ಜೀವ ಹೇಗೆ ಬಂತು ಎಂದು ವೈದ್ಯರು ವಾದಿಸುತ್ತಿದ್ದರು. ಬಂದ ಜೀವದ ಹೊಣೆ ಯಾರದು ಎಂದು ಮೇರಿ ಕೇಳಿದಳು.

ಸಾವುಗಳ ನಡುವೆ ಬರೆದ ಪುಸ್ತಕ

ಜುಲೈ ಕೊನೆಗೆ ಶೆಲ್ಲಿಯವರು ಶಾಮೊನಿ ಕಣಿವೆಗೆ ಹೋಗಿ ಅಲ್ಲಿನ ಹಿಮನದಿಯನ್ನು ನೋಡಿದರು. ಕಾದಂಬರಿಯಲ್ಲಿ ವಿಕ್ಟರ್ ಫ್ರಾಂಕನ್‌ಸ್ಟೈನ್ ತನ್ನ ಸೃಷ್ಟಿಗೆ ಎದುರಾಗಿ, ಮೊದಲ ಸಲ ಅವನ ಮಾತು ಕೇಳುವುದು ಆ ಹಿಮದ ಮೇಲೆಯೇ. ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಮರಳಿ ಮೇರಿ ಬಾತ್ ಪಟ್ಟಣದಲ್ಲಿ ಬರವಣಿಗೆ ಮುಂದುವರಿಸಿದಳು.

ಅಕ್ಟೋಬರಿನಲ್ಲಿ ಆಕೆಯ ಅಕ್ಕ, ಒಂದೇ ತಾಯಿಯ ಮಗಳು ಫ್ಯಾನಿ, ಸ್ವಾನ್ಸೀ ಊರಿನ ವಸತಿಗೃಹದಲ್ಲಿ ವಿಷ ಕುಡಿದು ಸತ್ತಳು. ಅವಳು ಬರೆದಿಟ್ಟ ಚೀಟಿಯಲ್ಲಿ ಹೆಸರಿದ್ದ ಭಾಗ ಹರಿದಿತ್ತು. ಅಪವಾದಕ್ಕೆ ಅಂಜಿದ ಗಾಡ್ವಿನ್ ಸುದ್ದಿಯನ್ನು ಮುಚ್ಚಿದ. ಹೆಣ ನಮ್ಮದೆಂದು ಮನೆಯವರು ಯಾರೂ ಮುಂದೆ ಬರಲಿಲ್ಲ. ಡಿಸೆಂಬರಿನಲ್ಲಿ ಪರ್ಸಿ ಬಿಟ್ಟುಬಂದಿದ್ದ ಹೆಂಡತಿ ಹ್ಯಾರಿಯೆಟ್ ಲಂಡನ್ನಿನ ಸರ್ಪೆಂಟೈನ್ ಕೆರೆಯಲ್ಲಿ ಹೆಣವಾಗಿ ಸಿಕ್ಕಳು. ಅದೇ ತಿಂಗಳ 30ರಂದು ಪರ್ಸಿ ಮತ್ತು ಮೇರಿ ಮದುವೆಯಾದರು. ಹ್ಯಾರಿಯೆಟ್ಟಳ ಇಬ್ಬರು ಮಕ್ಕಳನ್ನು ತಂದೆಯ ವಶಕ್ಕೆ ಕೊಡಲು ನ್ಯಾಯಾಲಯ ಒಪ್ಪಲಿಲ್ಲ.

ಕೈಬಿಟ್ಟವರು, ಕೈಬಿಡಲ್ಪಟ್ಟವರು ಇಬ್ಬರೂ ಆ ಬರೆಯುವ ಮೇಜಿನ ಸುತ್ತಲೇ ಇದ್ದರು. ಕಥೆಯಲ್ಲಿ ವಿಕ್ಟರ್ ಎರಡು ವರ್ಷ ಹಗಲಿರುಳು ದುಡಿದು ಎಂಟಡಿ ಎತ್ತರದ ದೇಹ ಕಟ್ಟುತ್ತಾನೆ. ಅದು ಕಣ್ಣು ಬಿಟ್ಟ ಕ್ಷಣವೇ ಅಸಹ್ಯಪಟ್ಟು ಓಡುತ್ತಾನೆ. ಬಿಟ್ಟುಹೋದ ಜೀವ ಕಾಡಿನಲ್ಲಿ ಹಣ್ಣು ಹಂಪಲು ತಿಂದು, ಬಡ ಕುಟುಂಬವೊಂದರ ಗುಡಿಸಲಿಗೆ ಅಂಟಿಕೊಂಡ ಕೊಟ್ಟಿಗೆಯಲ್ಲಿ ಅಡಗಿ, ಗೋಡೆಯ ಬಿರುಕಿನಿಂದ ನೋಡಿ ಮಾತು ಕಲಿಯುತ್ತಾನೆ. ಆ ಮನೆಯವರಿಗೆ ಗೊತ್ತಾಗದಂತೆ ಸೌದೆ ಕಡಿದು ತಂದಿಡುತ್ತಾನೆ. ಮಿಲ್ಟನ್ನನ ಮಹಾಕಾವ್ಯ ಓದುತ್ತಾನೆ. ಅಮೆರಿಕದ ಮೂಲನಿವಾಸಿಗಳಿಗೆ ಆದ ಗತಿ ಕೇಳಿ ಅಳುತ್ತಾನೆ. ಅವನ ರೂಪ ಕಂಡದ್ದೇ ಆ ಮನೆಯವರೂ ಹೊಡೆದಟ್ಟುತ್ತಾರೆ. ಅವನು ಕೊಲೆಗೆ ಇಳಿಯುವುದು ಅದರ ನಂತರ. ವಿಕ್ಟರನ ಪುಟ್ಟ ತಮ್ಮ ವಿಲಿಯಂ ಸಾಯುತ್ತಾನೆ. ಮಾಡದ ಕೊಲೆಗೆ ಮನೆಗೆಲಸದ ಜಸ್ಟೀನ್ ಗಲ್ಲಿಗೇರುತ್ತಾಳೆ. ಸತ್ಯ ಗೊತ್ತಿದ್ದ ವಿಕ್ಟರ್ ಬಾಯಿ ಬಿಡುವುದಿಲ್ಲ. ಸೃಷ್ಟಿ ಬೇಡಿದ ಸಂಗಾತಿಯನ್ನು ಅರ್ಧ ಮಾಡಿ ಅವನ ಕಣ್ಣೆದುರೇ ಸೀಳಿಹಾಕುತ್ತಾನೆ. ಆಮೇಲೆ ಉಳಿಯುವುದು ಸೇಡೊಂದೇ. ಅದು ಇಬ್ಬರನ್ನೂ ಉತ್ತರ ಧ್ರುವದ ಹಿಮದವರೆಗೆ ಎಳೆದೊಯ್ಯುತ್ತದೆ.

ಹೆಸರಿಲ್ಲದ ಲೇಖಕಿ

1817ರ ಮೇ ತಿಂಗಳಲ್ಲಿ ಹಸ್ತಪ್ರತಿ ಮುಗಿಯಿತು. ಇಬ್ಬರು ಪ್ರಕಾಶಕರು ಬೇಡವೆಂದ ಮೇಲೆ ಲ್ಯಾಕಿಂಗ್ಟನ್ ಸಂಸ್ಥೆ 1818ರ ಜನವರಿ 1ರಂದು ಮೂರು ಸಂಪುಟಗಳಲ್ಲಿ, 500 ಪ್ರತಿ ಹೊರತಂದಿತು. ಮುಖಪುಟದಲ್ಲಿ ಲೇಖಕರ ಹೆಸರಿರಲಿಲ್ಲ. ಮುನ್ನುಡಿ ಪರ್ಸಿಯದು, ಅರ್ಪಣೆ ಗಾಡ್ವಿನ್ನನಿಗೆ. ಬರೆದವನು ಪರ್ಸಿಯೇ ಎಂದುಕೊಂಡು ವಾಲ್ಟರ್ ಸ್ಕಾಟ್ ಮೆಚ್ಚಿ ವಿಮರ್ಶೆ ಬರೆದ. ಬರೆದವಳು ತಾನೆಂದು ಮೇರಿಯೇ ಅವನಿಗೆ ಪತ್ರ ಹಾಕಬೇಕಾಯಿತು. ಕ್ವಾರ್ಟರ್ಲಿ ರಿವ್ಯೂ ಪತ್ರಿಕೆಯಲ್ಲಿ ಜಾನ್ ವಿಲ್ಸನ್ ಕ್ರೋಕರ್ ಪುಸ್ತಕವನ್ನು ಹೀಗಳೆದ. ಬ್ರಿಟಿಷ್ ಕ್ರಿಟಿಕ್ ಪತ್ರಿಕೆಯಂತೂ ಬರೆದವಳು ಹೆಂಗಸು ಎಂಬುದರಿಂದ ತಪ್ಪು ಇನ್ನೂ ದೊಡ್ಡದಾಯಿತೆಂದಿತು.

ಪರ್ಸಿಯ ಪಾಲೆಷ್ಟು ಎಂಬ ವಿವಾದ ಅಂದಿನಿಂದ ಪೂರ್ತಿ ತಣ್ಣಗಾಗಿಲ್ಲ. ಅವನನ್ನು ಸಹಲೇಖಕನೆಂದೇ ಕರೆದ ವಿದ್ವಾಂಸರಿದ್ದಾರೆ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿರುವ ಕರಡು ಪುಸ್ತಕಗಳನ್ನು ಅಕ್ಷರ ಅಕ್ಷರವಾಗಿ ಪರಿಶೀಲಿಸಿದ ಚಾರ್ಲ್ಸ್ ರಾಬಿನ್ಸನ್, ಸುಮಾರು 72,000 ಪದಗಳಲ್ಲಿ ಪರ್ಸಿ ಸೇರಿಸಿದ್ದು 4,000ದಿಂದ 5,000 ಎಂದು ತೋರಿಸಿದರು. ತಿದ್ದಿದ ಕೈ ಅವನದು, ಹೆತ್ತ ಒಡಲು ಮೇರಿಯದು.

ಪುಸ್ತಕ ಬಂದ ವರ್ಷವೇ ಸೆಪ್ಟೆಂಬರಿನಲ್ಲಿ ಮೇರಿಯ ಹಸುಳೆ ಕ್ಲಾರಾ ವೆನಿಸ್ಸಿನಲ್ಲಿ ತೀರಿಕೊಂಡಿತು. 1819ರ ಜೂನ್‌ನಲ್ಲಿ ಮೂರು ವರ್ಷದ ಮಗ ವಿಲಿಯಂ ರೋಮಿನಲ್ಲಿ ಹೋದ. ಕಥೆಯಲ್ಲಿ ಕೊಲೆಯಾಗುವ ಬಾಲಕನಿಗೆ ತನ್ನ ತೊಟ್ಟಿಲಿನ ಮಗುವಿನ ಹೆಸರನ್ನೇ ಇಟ್ಟಿದ್ದ ತಾಯಿಗೆ ಆ ಸಾವು ಹೇಗೆ ನಾಟಿರಬೇಕು!

ಕಸಿದುಕೊಂಡ ಮಾತು

1823ರ ಜುಲೈ 28ರಂದು ರಿಚರ್ಡ್ ಬ್ರಿನ್‌ಸ್ಲಿ ಪೀಕನ ನಾಟಕ ರಂಗಕ್ಕೆ ಬಂತು. ಮರುತಿಂಗಳು ಗಾಡ್ವಿನ್ ಕಾದಂಬರಿಯ ಎರಡನೆಯ ಆವೃತ್ತಿ ತಂದು, ಮೊದಲ ಸಲ ಮಗಳ ಹೆಸರನ್ನು ಮುಖಪುಟಕ್ಕೆ ಹಾಕಿಸಿದ. ಲೇಖಕಿಗೆ ಹೆಸರು ಸಿಕ್ಕಿತು. ಅದೇ ಹೊತ್ತಿಗೆ ಆಕೆಯ ಸೃಷ್ಟಿ ನಾಲಿಗೆ ಕಳೆದುಕೊಂಡಿತು. ಟಿ.ಪಿ. ಕುಕ್ ಅಭಿನಯಿಸಿದ ಜೀವಿ ರಂಗದ ಮೇಲೆ ಒಂದು ಮಾತನ್ನೂ ಆಡಲಿಲ್ಲ. ಪ್ರಯೋಗಶಾಲೆಯ ಸಹಾಯಕ ಫ್ರಿಟ್ಜ್ ಎಂಬವನನ್ನು ಸೇರಿಸಿದ್ದೂ ಈ ನಾಟಕವೇ. ಮೂಲದಲ್ಲಿ ವಿಕ್ಟರನಿಗೆ ಅಂಥ ಸಹಾಯಕನಿಲ್ಲ.

ಮಾತಿಲ್ಲದವನ ಮೇಲೆ ಯಾರು ಬೇಕಾದರೂ ಏನನ್ನಾದರೂ ಹೊರಿಸಬಹುದು. ಎಂಟು ತಿಂಗಳೂ ಕಳೆಯಲಿಲ್ಲ, 1824ರ ಮಾರ್ಚ್ 16ರಂದು ವಿದೇಶಾಂಗ ಸಚಿವ ಜಾರ್ಜ್ ಕ್ಯಾನಿಂಗ್ ಬ್ರಿಟನ್ನಿನ ಸಂಸತ್ತಿನಲ್ಲಿ ಈ ಕಥೆಯನ್ನು ಎತ್ತಿಕೊಂಡ. ವೆಸ್ಟ್ ಇಂಡೀಸಿನ ಗುಲಾಮರಿಗೆ ಒಮ್ಮೆಲೇ ಬಿಡುಗಡೆ ಕೊಟ್ಟರೆ, ಮೈಯಲ್ಲಿ ಬಲವಿದ್ದು ಬುದ್ಧಿ ಬಲಿಯದ ಆ ಜೀವಿಯಂಥದ್ದನ್ನು ನಾವೇ ಸೃಷ್ಟಿಸಿಕೊಂಡಂತೆ ಎಂಬುದು ಅವನ ವಾದ. ತುಳಿಸಿಕೊಂಡವರ ಗತಿಗೆ ಕಣ್ಣೀರಿಟ್ಟ ಪಾತ್ರವೇ ತುಳಿಸಿಕೊಂಡವರ ಬೇಡಿ ಬಿಚ್ಚದಿರಲು ನೆಪವಾಯಿತು. ಕಥೆಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ. ಕಾದಂಬರಿ ಕೈಬಿಟ್ಟವನನ್ನು ದೂರಿತ್ತು. ಲೋಕ ಕೈಬಿಡಲ್ಪಟ್ಟವನನ್ನು ದೂರತೊಡಗಿತು.

1831ರಲ್ಲಿ ಮೇರಿ ಪುಸ್ತಕವನ್ನು ಪರಿಷ್ಕರಿಸಿ, ಡಿಯೊಡಾಟಿಯ ನೆನಪುಗಳಿರುವ ಮುನ್ನುಡಿ ಸೇರಿಸಿದಳು. ಹೊಸ ಪಾಠದಲ್ಲಿ ವಿಕ್ಟರ್ ಹೆಚ್ಚಾಗಿ ವಿಧಿಯ ಕೈಗೊಂಬೆಯಂತೆ ಕಾಣುತ್ತಾನೆ. ಸಾಲು ಸಾಲು ಸಾವು ಕಂಡವಳ ಕೈ ಅಲ್ಲಿದೆ ಎಂದು ಆನ್ ಮೆಲ್ಲರ್ ಮೊದಲಾದ ವಿಮರ್ಶಕರು 1818ರ ಪಾಠವನ್ನೇ ಮೆಚ್ಚುತ್ತಾರೆ. ಮೇರಿ 1851ರ ಫೆಬ್ರವರಿ 1ರಂದು ತೀರಿಕೊಂಡಳು.

ಆ ಪರಿಷ್ಕೃತ ಆವೃತ್ತಿ ಬಂದ ನೂರು ವರ್ಷದ ನಂತರ, 1931ರಲ್ಲಿ, ಜೇಮ್ಸ್ ವೇಲ್ ನಿರ್ದೇಶನದ ಹಾಲಿವುಡ್ ಚಿತ್ರ ಬಂತು. ಜ್ಯಾಕ್ ಪಿಯರ್ಸ್ ಮಾಡಿದ ಪ್ರಸಾಧನ, ಬೋರಿಸ್ ಕಾರ್ಲಾಫ್‌ನ ಅಭಿನಯ ಸೇರಿ ಇಂದಿಗೂ ಅಳಿಯದ ಆ ಮುಖ ಸಿದ್ಧವಾಯಿತು. ಆ ಚಿತ್ರ ಕಥೆಯ ನೈತಿಕ ಕೀಲನ್ನೇ ಕದಲಿಸಿತು: ಸಹಾಯಕ ತಪ್ಪಿ ಅಪರಾಧಿಯ ಮೆದುಳನ್ನು ತರುತ್ತಾನೆ. ಹೀಗೆ ಕೆಡುಕು ಅವನ ಹುಟ್ಟಿನಲ್ಲೇ ಇತ್ತೆಂದಾಯಿತು, ಬಿಟ್ಟು ಓಡಿದವನ ತಪ್ಪು ಹಗುರಾಯಿತು. ಚಿತ್ರದ ಆರಂಭದ ಹೆಸರುಗಳಲ್ಲಿ ಆ ಪಾತ್ರದ ಎದುರು ಇದ್ದದ್ದು ಪ್ರಶ್ನಾರ್ಥಕ ಚಿಹ್ನೆ. ಕಾದಂಬರಿಕಾರ್ತಿಯ ಹೆಸರು ಮೂಡಿದ್ದು ‘ಶ್ರೀಮತಿ ಪರ್ಸಿ ಬಿ. ಶೆಲ್ಲಿ’ ಎಂದು. ಮೇರಿ ಎಂಬ ಹೆಸರೇ ಅಲ್ಲಿರಲಿಲ್ಲ.

ಭಸ್ಮಾಸುರನೋ ಕರ್ಣನೋ

ಮಾಡಿದವನನ್ನೇ ಅಟ್ಟಿಸಿಕೊಂಡು ಬರುವ ಸೃಷ್ಟಿಯೆಂದರೆ ನಮಗೆ ಥಟ್ಟನೆ ನೆನಪಾಗುವುದು ಭಸ್ಮಾಸುರ. ಹೊಸ ಯಂತ್ರ, ಹೊಸ ಬೀಜ, ಹೊಸ ಕೃತಕ ಬುದ್ಧಿ ಬಂದಾಗಲೆಲ್ಲ ಫ್ರಾಂಕನ್‌ಸ್ಟೈನ್, ಭಸ್ಮಾಸುರ ಎಂಬ ಎರಡು ಹೆಸರುಗಳು ಒಟ್ಟೊಟ್ಟಿಗೆ ಕೇಳುತ್ತವೆ. ನನಗೆ ಈ ಹೋಲಿಕೆ ಸರಿಯೆನಿಸುವುದಿಲ್ಲ. ಭಸ್ಮಾಸುರ ವರ ಸಿಕ್ಕ ಮರುಕ್ಷಣವೇ ವರ ಕೊಟ್ಟವನ ತಲೆಗೆ ಕೈ ಚಾಚಿದವನು. ಮೇರಿಯ ಜೀವಿ ಕಣ್ಣು ಬಿಟ್ಟ ರಾತ್ರಿ ತನ್ನನ್ನು ಮಾಡಿದವನ ಕಡೆಗೆ ಕೈ ಚಾಚಿದ್ದು ನಗುತ್ತ, ಮಗುವಿನ ಹಾಗೆ.

ಅವನ ಒಡಹುಟ್ಟು ನಮ್ಮ ಮಹಾಭಾರತದ ಕರ್ಣ. ದೂರ್ವಾಸರ ಮಂತ್ರ ಫಲಿಸುವುದೋ ಇಲ್ಲವೋ ನೋಡೋಣವೆಂದು ಕುಂತಿ ಪರೀಕ್ಷಿಸಿದಳು. ಮಂತ್ರ ಫಲಿಸಿತು, ಮಗು ಬಂತು, ಅಂಜಿಕೆಯೂ ಬಂತು. ಮಗುವನ್ನು ನೀರಿಗೆ ಬಿಟ್ಟಳು. ಆ ಒಂದು ಕ್ಷಣದ ಅಂಜಿಕೆಗೆ ಕುರುಕ್ಷೇತ್ರದಲ್ಲಿ ಎಷ್ಟು ಬೆಲೆ ತೆರಬೇಕಾಯಿತೆಂದು ಪಂಪ, ಕುಮಾರವ್ಯಾಸರನ್ನು ಓದಿದವರಿಗೆ ಹೇಳಬೇಕಾಗಿಲ್ಲ. ಆದರೂ ಕುಂತಿ ಕೊನೆಗೆ ಮಗನ ಮುಂದೆ ಬಂದು ನಿಂತಳು. ವಿಕ್ಟರ್ ಸಾಯುವ ಹೊತ್ತಿನಲ್ಲೂ ತನ್ನ ನಡತೆಯಲ್ಲಿ ತಪ್ಪು ಕಾಣಲಿಲ್ಲ.

ಹೊಸದನ್ನು ಸೃಷ್ಟಿಸಬೇಡಿ ಎಂದು ಈ ಪುಸ್ತಕ ಎಲ್ಲೂ ಹೇಳುವುದಿಲ್ಲ. ಸೃಷ್ಟಿಸಿದ ಮೇಲೆ ಅದರ ಪಕ್ಕದಲ್ಲಿ ಕೂರಿ, ಅದಕ್ಕೊಂದು ಹೆಸರಿಡಿ, ಅದರ ಮಾತು ಕೇಳಿ ಎನ್ನುತ್ತದೆ. ಅಧ್ಯಾಯಗಳನ್ನು ಹೆಣೆದ ರೀತಿಯಲ್ಲೇ ಈ ಮಾತಿದೆ. ಹೊರಗಿನ ಸುತ್ತು ನಾವಿಕ ವಾಲ್ಟನ್ನನ ಪತ್ರಗಳು, ಅದರ ಒಳಗೆ ವಿಕ್ಟರನ ಕಥೆ, ಅದರ ನಟ್ಟನಡುವೆ ಆರು ಅಧ್ಯಾಯ ಆ ಹೆಸರಿಲ್ಲದವನ ಸ್ವಂತ ಮಾತು. ನಾಟಕ, ರಾಜಕಾರಣ, ಸಿನಿಮಾ ಸೇರಿ ಅವನಿಂದ ಕಸಿದುಕೊಂಡದ್ದು ಆ ಆರು ಅಧ್ಯಾಯಗಳನ್ನು. ಮುಂದಿನ ಸಲ ಈ ಪುಸ್ತಕ ಕೈಗೆ ಬಂದಾಗ, ಓದುಗರೇ, ಮೊದಲು ಅವನ್ನು ಓದಿ.